ಗಾಮಾ ಎಫ್‌ಬಿಎಸ್, 100 ಮಿಲೀ: ಕಂಪನಿಯ ಹೆಸರು ಆಮೇಲೆ, ಮೊದಲು ಲಾಟ್ ನಂಬರ್ ಹೇಳಿ

ದನ, ಎಮ್ಮೆ, ಆಡುಗಳ ಭ್ರೂಣವನ್ನು ಲ್ಯಾಬಿನಲ್ಲಿ ಬೆಳೆಸುವವರಿಗೆ ಎಫ್‌ಬಿಎಸ್ (ಫೀಟಲ್ ಬೋವೈನ್ ಸೀರಮ್) ಅಂದರೇನು ಎಂದು ವಿವರಿಸಬೇಕಿಲ್ಲ. ಕಸಾಯಿಖಾನೆಗೆ ಬಂದ ಗಬ್ಬದ ದನದ ಹೊಟ್ಟೆಯಲ್ಲಿದ್ದ ಕರುವಿನ ಹೃದಯದಿಂದ ತೆಗೆದ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಸೀರಮ್ ಅದು. ಇಲ್ಲಿ ನೋಡುತ್ತಿರುವುದು ಅದರಲ್ಲೇ ವೈರಸ್ ಸಾಯಲೆಂದು ಗಾಮಾ ಕಿರಣ ಹಾಯಿಸಿದ ಬಗೆಯನ್ನು. 100 ಮಿಲೀ ಬಾಟಲಿ, ಮಂಗಳೂರು–ಉಡುಪಿ ಕಡೆಯ ಸಣ್ಣ ಲ್ಯಾಬಿಗೆ ತರಿಸಿಕೊಂಡರೆ ಹೇಗೆ ಎಂಬ ದೃಷ್ಟಿಯಿಂದ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಅಂಡಾಣು ಮಾಗಿಸುವುದಕ್ಕೆ ಮತ್ತು ತೊಳೆಯುವ ದ್ರಾವಣಕ್ಕೆ ಐದರಲ್ಲಿ ನಾಲ್ಕು ಅಂಕ. ಭ್ರೂಣ ಬೆಳೆಯುವ ಏಳು ದಿನಗಳ ಮೀಡಿಯಾಕ್ಕೆ, ಅಂದರೆ ಪೋಷಕ ದ್ರಾವಣಕ್ಕೆ, ಎರಡೇ ಅಂಕ, ಏಕೆಂದರೆ ಅಲ್ಲಿ ಸೀರಮ್ಮೇ ಬೇಕಾಗಿಲ್ಲ. ಗಾಮಾ ಹಾಯಿಸದೆ ಬರೀ ಸೋಸಿ ತುಂಬಿಸಿದ ಬಾಟಲಿಗೆ ಅಂಕ ಕೊಡುವ ಪ್ರಶ್ನೆಯೇ ಇಲ್ಲ. ಒಂದು ದನದ ಗರ್ಭಕೋಶಕ್ಕೆ ಹೋಗಲಿರುವ ಭ್ರೂಣದ ಹತ್ತಿರ ಅದನ್ನು ತರಲೇಬಾರದು.

ಕಂಪನಿಯ ಹೆಸರು ಹಾಕಿಲ್ಲ, ಹಾಕುವುದರಲ್ಲಿ ಅರ್ಥವೂ ಇಲ್ಲ. ಒಂದೇ ಕಂಪನಿಯ, ಒಂದೇ ಕ್ಯಾಟಲಾಗ್ ನಂಬರಿನ ಎರಡು ಬಾಟಲಿಗಳ ಲಾಟ್, ಅಂದರೆ ಒಮ್ಮೆಗೆ ತಯಾರಾದ ಕಂತು, ಬೇರೆಯಾದರೆ ಅವೆರಡೂ ಬೇರೆ ಬೇರೆ ಸರಕು. ಒಂದು ಲಾಟಿಗೆ ನೂರಾರು ಕರುಗಳ ರಕ್ತ ಒಂದೇ ತೊಟ್ಟಿಗೆ ಸೇರುತ್ತದೆ. ಅದರಲ್ಲಿ ಒಂದೇ ಒಂದು ಕರು ಬಿವಿಡಿ ವೈರಸ್ ಹೊತ್ತಿದ್ದರೂ ಇಡೀ ತೊಟ್ಟಿ ಕೆಟ್ಟ ಹಾಗೆ. ಹೋದ ವರ್ಷದ ಬಾಟಲಿ ಚೆನ್ನಾಗಿತ್ತು ಎಂದು ಈ ವರ್ಷ ಕಣ್ಣು ಮುಚ್ಚಿ ಅದನ್ನೇ ತರಿಸುವವರು ಹೆಸರನ್ನು ಕೊಳ್ಳುತ್ತಿದ್ದಾರೆಯೇ ಹೊರತು ಸೀರಮ್ಮನ್ನಲ್ಲ.

ಬಿವಿಡಿ ಅಂದರೆ ದನಗಳ ವೈರಲ್ ಭೇದಿ. ಹೆಸರಿನಲ್ಲಿ ಭೇದಿ ಇದ್ದರೂ ಭ್ರೂಣದ ಲ್ಯಾಬಿಗೆ ಅದರ ಕಾಟವೇ ಬೇರೆ. ತಾಯಿಗೆ ಗಬ್ಬದ ಸುಮಾರು 40ರಿಂದ 125ನೇ ದಿನದೊಳಗೆ ಈ ಸೋಂಕು ತಗಲಿದರೆ, ಹೊಟ್ಟೆಯೊಳಗಿನ ಕರುವಿಗೆ ವೈರಸ್ ಹೊರಗಿನದು ಎಂಬ ಗುರುತೇ ಹತ್ತುವುದಿಲ್ಲ. ರೋಗನಿರೋಧಕ ವ್ಯವಸ್ಥೆ ಇನ್ನೂ ಕಣ್ಣು ಬಿಡುತ್ತಿರುವ ಹೊತ್ತು ಅದು. ಹಾಗೆ ಉಳಿದ ಕರು ಬದುಕಿರುವಷ್ಟು ದಿನವೂ ವೈರಸ್ ಸುರಿಸುತ್ತಲೇ ಇರುತ್ತದೆ. ಅದರ ರಕ್ತದಲ್ಲಿ ಆ ವೈರಸ್ಸಿಗೆ ಪ್ರತಿಕಾಯ ಇರುವುದಿಲ್ಲ, ವೈರಸ್ ಮಾತ್ರ ತುಂಬಿರುತ್ತದೆ. ಅಂಥ ಕರುವಿನ ರಕ್ತವೂ ಎಫ್‌ಬಿಎಸ್ ತೊಟ್ಟಿಗೇ ಬರುತ್ತದೆ.

ಇನ್ನೊಂದು ಸಂಗತಿಯನ್ನು ಲ್ಯಾಬಿನವರು ಮತ್ತೆ ಮತ್ತೆ ಮರೆಯುತ್ತಾರೆ. ಸೀರಮ್ಮಿನಲ್ಲಿ ಬರುವ ಬಿವಿಡಿ ಬಹುತೇಕ ಜೀವಕೋಶವನ್ನು ಕೊಲ್ಲದ ಬಗೆಯದು. ಡಿಶ್‌ನಲ್ಲಿ ಏನೂ ಕಾಣಿಸುವುದಿಲ್ಲ. ಅಂಡಾಣುವಿನ ಸುತ್ತಲಿನ ಕ್ಯುಮುಲಸ್ ಜೀವಕೋಶಗಳಲ್ಲಿ ವೈರಸ್ ಹಾಯಾಗಿ ಹೆಚ್ಚುತ್ತದೆ, ಆದರೂ ಅವು ಆರೋಗ್ಯವಾಗಿಯೇ ಕಾಣುತ್ತವೆ. ಅಂಡಾಣು ಮಾಗುತ್ತದೆ, ಫಲಿತವಾಗುತ್ತದೆ, ಜೀವಕೋಶಗಳಾಗಿ ಸೀಳುತ್ತದೆ, ಏಳನೇ ದಿನಕ್ಕೆ ಚೆಂದದ ಬ್ಲಾಸ್ಟೊಸಿಸ್ಟ್ (ಗರ್ಭಕೋಶಕ್ಕೆ ಹಾಕಲು ಸಿದ್ಧವಾದ ಹಂತದ ಭ್ರೂಣ) ಆಗಿ ಕೂರುತ್ತದೆ. ಮೈಕ್ರೋಸ್ಕೋಪ್ ನೋಡಿ 'ಒಂದನೇ ಗ್ರೇಡ್' ಎಂದು ಬರೆದ ಭ್ರೂಣದ ಹೊರಪೊರೆಗೆ, ಅಂದರೆ ಝೋನಾಕ್ಕೆ, ವೈರಸ್ ಅಂಟಿಕೊಂಡಿರಬಹುದು. ಆ ಭ್ರೂಣ ಹೆಬ್ರಿಯ ಯಾವುದೋ ಹಟ್ಟಿಯ ದನದೊಳಗೆ ಹೋಗಿ, ಆ ದನಕ್ಕೆ ಹಿಂದೆ ಈ ಸೋಂಕು ತಾಗಿರದಿದ್ದರೆ, ಗಬ್ಬ ನಿಲ್ಲದೇ ಹೋಗಬಹುದು. ಹೆಚ್ಚಿನ ಹಾನಿ ಆಗುವುದು ಪಕ್ಕದ ಹಗ್ಗದಲ್ಲಿ ಕಟ್ಟಿದ ಎರಡು–ಮೂರು ತಿಂಗಳ ಗಬ್ಬದ ದನಕ್ಕೆ ಅದು ದಾಟಿದಾಗ. ಜೀವನವಿಡೀ ವೈರಸ್ ಹೊರುವ ಕರು ಅಲ್ಲಿ ಹುಟ್ಟುತ್ತದೆ. ನಮ್ಮ ಕಡೆ ಒಂದು ಹಟ್ಟಿಯಲ್ಲಿ ನಾಲ್ಕೈದು ದನ, ಮೇಯಲು ಗುಡ್ಡೆಗೆ ಬಿಟ್ಟರೆ ಹತ್ತು ಮನೆಯವು ಒಟ್ಟಿಗೆ. ಲ್ಯಾಬಿನ ಬಾಟಲಿಯ ತಪ್ಪಿಗೆ ಭ್ರೂಣ ತರಿಸಿಕೊಳ್ಳದ ಮನೆಯವರೂ ಬೆಲೆ ತೆರಬೇಕಾಗುತ್ತದೆ.

ಈಗ ಬಾಟಲಿಯ ಜೊತೆ ಬರುವ ಕಾಗದಕ್ಕೆ ಬರೋಣ, ಅಸಲಿ ಪರೀಕ್ಷೆ ಅಲ್ಲೇ. ಬಾಟಲಿಯ ಮೇಲೆ ದೊಡ್ಡಕ್ಷರದಲ್ಲಿ '0.1 ಮೈಕ್ರಾನ್ ಫಿಲ್ಟರಿನಲ್ಲಿ ಮೂರು ಬಾರಿ ಸೋಸಿದ್ದು' ಎಂದಿರುತ್ತದೆ. ಒಳ್ಳೆಯದೇ. ಬ್ಯಾಕ್ಟೀರಿಯಾಕ್ಕೆ, ಮೈಕೋಪ್ಲಾಸ್ಮಾಕ್ಕೆ ಅದು ಬೇಕು. ಆದರೆ 0.1 ಮೈಕ್ರಾನ್ ಎಂದರೆ 100 ನ್ಯಾನೋಮೀಟರ್, ಬಿವಿಡಿ ವೈರಸ್ಸಿನ ಗಾತ್ರ 40ರಿಂದ 60. ಅಕ್ಕಿಯ ಜರಡಿಯಲ್ಲಿ ರವೆ ನಿಲ್ಲುತ್ತದೆಯೇ? ಮೂರು ಸಲ ಸೋಸಿದರೂ ಅಷ್ಟೇ, ಮೂವತ್ತು ಸಲ ಸೋಸಿದರೂ ಅಷ್ಟೇ. ಹಾಗಾಗಿ ಸೋಸಿದ ಲೆಕ್ಕ ಓದಿ ಸಮಾಧಾನಪಟ್ಟುಕೊಳ್ಳಬೇಡಿ.

ಬೇಕಾದದ್ದು ಗಾಮಾ ಡೋಸಿನ ಪ್ರತ್ಯೇಕ ಸರ್ಟಿಫಿಕೇಟು. ಸೀರಮ್ಮನ್ನು ಗಟ್ಟಿಯಾಗಿ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ, ಡ್ರೈ ಐಸ್‌ನಲ್ಲಿಟ್ಟೇ ಕಿರಣ ಹಾಯಿಸುತ್ತಾರೆ. ನೀರಾಗಿದ್ದರೆ ಕಿರಣದಿಂದ ಹುಟ್ಟುವ ಕ್ರಿಯಾಶೀಲ ಅಣುಗಳು ಪ್ರೋಟೀನುಗಳನ್ನೂ ಕೆಡಿಸಿಬಿಡುತ್ತವೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಡೋಸು 25ರಿಂದ 40 ಕಿಲೋಗ್ರೇ (ಕಿರಣದ ಡೋಸು ಅಳೆಯುವ ಮಾನ). ಸರ್ಟಿಫಿಕೇಟಿನಲ್ಲಿ ಕನಿಷ್ಠ ಮತ್ತು ಗರಿಷ್ಠ ಎರಡೂ ಅಂಕಿ ಇರಬೇಕು, ಏಕೆಂದರೆ ಪೆಟ್ಟಿಗೆಯ ಅಂಚಿನ ಬಾಟಲಿಗೂ ನಟ್ಟನಡುವಿನ ಬಾಟಲಿಗೂ ಒಂದೇ ಡೋಸು ಬೀಳುವುದಿಲ್ಲ. ನಮ್ಮ ಪ್ರಕಾರ ಕನಿಷ್ಠ ಅಂಕಿ 30 ಇದ್ದ ಲಾಟನ್ನೇ ಆರಿಸಬೇಕು. ಗರಿಷ್ಠ 45 ದಾಟಿದ್ದರೆ ಅಂಡಾಣು ಮಾಗುವ ಪ್ರಮಾಣವನ್ನು ಪರೀಕ್ಷಿಸದೆ ಕೊಳ್ಳಬಾರದು. ಬಾಟಲಿಗೆ ಅಂಟಿಸಿದ, ಹಳದಿಯಿಂದ ಕೆಂಪಿಗೆ ತಿರುಗಿದ ಚುಕ್ಕಿಯನ್ನು ತೋರಿಸಿ 'ಇದೇ ಸಾಕ್ಷಿ' ಎನ್ನುವ ಏಜೆಂಟರಿದ್ದಾರೆ. ಕಿರಣದ ಕೋಣೆಗೆ ಹೋಗಿ ಬಂದದ್ದಕ್ಕೆ ಆ ಚುಕ್ಕಿ ಗುರುತು, ಅಷ್ಟೆ. ಎಷ್ಟು ಡೋಸು ಬಿತ್ತು ಎನ್ನುವುದನ್ನು ಅದು ಹೇಳುವುದಿಲ್ಲ.

ಅದರ ಕೆಳಗೆ ವೈರಸ್ ಪರೀಕ್ಷೆಯ ಸಾಲುಗಳು. ಬಿವಿಡಿ, ಬ್ಲೂಟಂಗ್, ಅಡಿನೋ, ಪಾರ್ವೋ, ರೇಬೀಸ್, ರಿಯೋ, ಉಸಿರಾಟದ ಆರ್‌ಎಸ್‌ವಿ, ಇವೆಲ್ಲ ಅಮೆರಿಕದ ಪಶು ಲಸಿಕೆ ನಿಯಮಗಳಿಂದ ಬಂದ ಪಟ್ಟಿ. 'ಪತ್ತೆಯಾಗಿಲ್ಲ' ಎಂದಿದ್ದರೆ ಹೇಗೆ ಹುಡುಕಿದರು ಎಂದು ಕೇಳಬೇಕು. ಬರೀ ಜೀವಕೋಶ ಸಾಯುತ್ತದೆಯೇ ಎಂದು ನೋಡಿದ್ದರೆ ಆ ಪರೀಕ್ಷೆಗೆ ಬೆಲೆಯಿಲ್ಲ, ಕೊಲ್ಲದ ಬಗೆಯ ಬಿವಿಡಿ ಅದರಲ್ಲಿ ಸಿಕ್ಕಿಬೀಳುವುದಿಲ್ಲ. ದನದ ಜೀವಕೋಶದ ಮೇಲೆ ಕನಿಷ್ಠ 21 ದಿನ, ನಡುವೆ ಪ್ಯಾಸೇಜ್ ಮಾಡಿ (ಹೊಸ ಡಿಶ್‌ಗೆ ದಾಟಿಸಿ) ಬೆಳೆಸಿ, ಕೊನೆಗೆ ಹೊಳೆಯುವ ಬಣ್ಣದ ಪ್ರತಿಕಾಯ ಹಾಕಿ ನೋಡಿರಬೇಕು.

ಇಲ್ಲಿ ಇನ್ನೊಂದು ಗಂಟಿದೆ. ಐದು ತಿಂಗಳು ದಾಟಿದ ಮೇಲೆ ಸೋಂಕು ತಗಲಿದ ಹೊಟ್ಟೆಯ ಕರು ತಾನೇ ಪ್ರತಿಕಾಯ ಮಾಡಿಕೊಳ್ಳುತ್ತದೆ. ಅದರ ರಕ್ತವೂ ಅದೇ ತೊಟ್ಟಿಗೆ ಬಿದ್ದರೆ ಪ್ರತಿಕಾಯ ವೈರಸ್ಸನ್ನು ಹಿಡಿದಿಟ್ಟುಕೊಳ್ಳುತ್ತದೆ, ಜೀವಕೋಶದ ಪರೀಕ್ಷೆ ಸುಳ್ಳೇ 'ಇಲ್ಲ' ಎನ್ನುತ್ತದೆ. ಆದ್ದರಿಂದ ಬಿವಿಡಿ ಪ್ರತಿಕಾಯದ ಸಾಲು ಇಲ್ಲದ ಸರ್ಟಿಫಿಕೇಟನ್ನು ಅರ್ಧ ಸರ್ಟಿಫಿಕೇಟೆಂದೇ ತಿಳಿಯಿರಿ. ವೈರಸ್ಸೂ ಇಲ್ಲ, ಪ್ರತಿಕಾಯವೂ ಇಲ್ಲ ಎಂದು ಬರೆದಿರುವ ಲಾಟ್ ಸಿಕ್ಕರೆ ಅದನ್ನು ಬಿಡಬೇಡಿ.

'ಆಸ್ಟ್ರೇಲಿಯದ್ದು, ನ್ಯೂಜಿಲೆಂಡಿನದು' ಎಂಬ ಹೊಗಳಿಕೆಗೆ ಹೆಚ್ಚು ಹಣ ಕೊಡುವವರಿಗೊಂದು ಮಾತು. ಕಾಲುಬಾಯಿ ಜ್ವರ ಅಲ್ಲಿಲ್ಲ, ನಿಜ. ಬಿವಿಡಿ ಎರಡೂ ಕಡೆ ಇದೆ. ಮೂಲದ ದೇಶ ಗಾಮಾ ಡೋಸಿನ ಬದಲಿಗೆ ನಿಲ್ಲುವುದಿಲ್ಲ. ದಕ್ಷಿಣ ಅಮೆರಿಕದ ಮೂಲದ ಸೀರಮ್ಮಿಗೆ ಮತ್ತೊಂದು ಎಚ್ಚರ ಬೇಕು. ಹೋಬಿ ಎಂಬ ಹೆಸರಿನ, ಬಿವಿಡಿಯ ಮೂರನೇ ಬಗೆ ಎಂದು ಈಗ ಕರೆಯುವ ವೈರಸ್ ಮೊದಲು ಪತ್ತೆಯಾದದ್ದು ಯಾವುದೇ ಕಾಯಿಲೆಯ ದನದಲ್ಲಲ್ಲ, ಬ್ರೆಜಿಲಿನಿಂದ ಬಂದ ಎಫ್‌ಬಿಎಸ್ ಬಾಟಲಿಯಲ್ಲಿ. ಜರ್ಮನಿಯವರು ಅದನ್ನು 2004ರಲ್ಲಿ ವರದಿ ಮಾಡಿದರು. ಭಾರತದ ದನಗಳಲ್ಲೂ ಆ ಬಗೆ ಆಮೇಲೆ ಪತ್ತೆಯಾಗಿದೆ. ಒಂದು ಮತ್ತು ಎರಡನೇ ಬಗೆಯನ್ನು ಮಾತ್ರ ಹಿಡಿಯುವ ಪಿಸಿಆರ್ ಕಿಟ್ ಇದನ್ನು ಬಿಟ್ಟುಬಿಡಬಹುದು. ಕಿಟ್ ಕೊಳ್ಳುವಾಗ 'ಮೂರೂ ಬಗೆ ಹಿಡಿಯುತ್ತದೆಯೇ' ಎಂಬ ಒಂದೇ ಪ್ರಶ್ನೆ ಸಾಕು.

ಉಳಿದ ಸಾಲುಗಳಲ್ಲಿ ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಬರುವ ವಿಷ) ಮಿಲೀಗೆ 10 ಯೂನಿಟ್ ಒಳಗೆ, ಹಿಮೋಗ್ಲೋಬಿನ್ ಡೆಸಿಲೀಟರಿಗೆ 25 ಮಿಲಿಗ್ರಾಂ ಒಳಗೆ ಇದ್ದರೆ ಸಾಕು. ಇದಕ್ಕಿಂತ ಕಡಿಮೆ ಇದ್ದರೆ ಸಂತೋಷ, ಅದಕ್ಕಾಗಿ ದುಪ್ಪಟ್ಟು ಹಣ ಕೊಡುವ ಅಗತ್ಯವಿಲ್ಲ.

ಯಾಕೆ 100 ಮಿಲೀ, 500 ಯಾಕಲ್ಲ? ಲೆಕ್ಕ ಹಾಕಿ. ನೂರು ಅಂಡಾಣು ಮಾಗಿಸಲು ಅರ್ಧ ಮಿಲೀಯ ಎರಡು ವೆಲ್ (ಡಿಶ್‌ನ ಗುಳಿ) ಸಾಕು, ಶೇ. 10ರಂತೆ ಸೀರಮ್ ಬೇಕಾಗುವುದು 0.1 ಮಿಲೀ. ತೊಳೆಯುವ ಮೀಡಿಯಾ 50 ಮಿಲೀ ಮಾಡಿಕೊಂಡರೂ ಶೇ. 5ರಂತೆ 2.5 ಮಿಲೀ. ಚೆಲ್ಲಿದ್ದು, ಉಳಿದದ್ದು ಸೇರಿಸಿ ಒಂದು ಸರದಿಗೆ 5 ಮಿಲೀ ಎಂದಿಟ್ಟುಕೊಳ್ಳಿ, 100 ಮಿಲೀಯಲ್ಲಿ ಇಪ್ಪತ್ತು ಸರದಿ. ವಾರಕ್ಕೊಂದು ಸರದಿ ನಡೆಸುವ ಲ್ಯಾಬಿಗೂ ಸುಮಾರು ಐದು ತಿಂಗಳು ಬರುತ್ತದೆ. 500ರ ಬಾಟಲಿ ಅಗ್ಗ ಎಂದು ತಂದವರು ಅದರ ಬಹುಪಾಲನ್ನು ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿ ಹಾಳುಮಾಡುತ್ತಾರೆ.

ಇನ್ನು ಬಾಟಲಿ ಇಲ್ಲಿಗೆ ಬರುವ ದಾರಿ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಬೇಸಗೆಯಲ್ಲಿ ಒಂದು ರಾತ್ರಿಯ ಮಾತು. ಆಟಿ ತಿಂಗಳ ಮಳೆಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಅದೇ ಗಾಡಿ ಸಕಲೇಶಪುರದಲ್ಲೇ ನಿಂತಿರುತ್ತದೆ, ಇಲ್ಲವೇ ಚಾರ್ಮಾಡಿ ಸುತ್ತಿ ಬರಬೇಕು. ಸಾಧಾರಣ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್ ದಿನಕ್ಕೆ 2ರಿಂದ 4 ಕೆಜಿ ಆವಿಯಾಗುತ್ತದೆ. 'ಒಂದು ದಿನದ ದಾರಿ, 3 ಕೆಜಿ ಹಾಕಿದ್ದೇವೆ' ಎಂದರೆ ಒಪ್ಪಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕನಿಷ್ಠ ಮೂರು ದಿನದ ಲೆಕ್ಕಕ್ಕೆ, 10ರಿಂದ 12 ಕೆಜಿ ಹಾಕಿಸಿ. ಸೋಮವಾರ ಹೊರಡುವಂತೆ ಆರ್ಡರ್ ಮಾಡಿ. ಶುಕ್ರವಾರ ಹೊರಟ ಪೆಟ್ಟಿಗೆ ಭಾನುವಾರವಿಡೀ ಗೋಡೌನಿನಲ್ಲಿ ಬೆವರುತ್ತದೆ. ಇದೇ ಕಾರಣಕ್ಕೆ ನಾಲ್ಕರಿಂದ ಒಂದು ಅಂಕ ಇಳಿಸುವ ಯೋಚನೆಯೂ ಬಂದಿತ್ತು, ಆದರೆ ತಪ್ಪು ಸೀರಮ್ಮಿನದಲ್ಲ. ಜಾಗ ಇದ್ದರೆ ಮೇ ತಿಂಗಳ ಮೊದಲೇ ಮಳೆಗಾಲದ ಬಾಟಲಿ ತಂದಿಟ್ಟುಕೊಳ್ಳುವುದೇ ಲೇಸು.

ಪೆಟ್ಟಿಗೆ ಬಂದ ಕೂಡಲೇ ಸಹಿ ಹಾಕುವ ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ಕಾರ್ಖಾನೆಯಲ್ಲಿ ನೆಟ್ಟಗೆ ನಿಲ್ಲಿಸಿ ಹೆಪ್ಪುಗಟ್ಟಿಸಿದ ಸೀರಮ್ಮಿನ ಮೇಲ್ಮೈ ಬಾಟಲಿಯ ಭುಜದ ಕೆಳಗೆ ಸಮವಾಗಿ, ನಡುವೆ ಸ್ವಲ್ಪ ಉಬ್ಬಿಕೊಂಡು ಇರುತ್ತದೆ. ಬಣ್ಣ ಮೇಲಿಂದ ಕೆಳಗೆ ಒಂದೇ ತೆರ, ತಿಳಿ ಜೇನಿನ ಹಾಗೆ. ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾದದ್ದು ತನ್ನ ಕತೆಯನ್ನು ತಾನೇ ಹೇಳುತ್ತದೆ. ಮೇಲ್ಮೈ ಓರೆಯಾಗಿರುತ್ತದೆ, ಒಂದು ಪಕ್ಕಕ್ಕೆ ವಾಲಿಕೊಂಡು, ಕೆಲವೊಮ್ಮೆ ಕುತ್ತಿಗೆಯೊಳಗೂ ಮಂಜುಗಡ್ಡೆ ಕಟ್ಟಿರುತ್ತದೆ. ಅಡಿಯಲ್ಲಿ ಕಡುಕಂದು, ಮೇಲೆ ಬಹುತೇಕ ನೀರಿನಂತೆ ಬಿಳಿಚು. ಉಪ್ಪು, ಪ್ರೋಟೀನು ಕೆಳಗಿಳಿದು ಕೂತಿದೆ ಎಂದರ್ಥ. ಡ್ರೈ ಐಸ್ ಇನ್ನೂ ಉಳಿದಿದ್ದರೂ ಈ ಓರೆ ಕಂಡರೆ ಫೋಟೋ ತೆಗೆದು ವಾಪಸ್ ಕಳಿಸಿ. ವಾಪಸ್ ತೆಗೆದುಕೊಳ್ಳುವ ಷರತ್ತನ್ನು ಬಿಲ್ ಆಗುವ ಮೊದಲೇ ಬರೆಸಿಕೊಂಡಿರಬೇಕು.

ಇಟ್ಟುಕೊಳ್ಳುವುದು ಮೈನಸ್ 20ರಲ್ಲಿ. ಆದರೆ ಮನೆಬಳಕೆಯ 'ಫ್ರಾಸ್ಟ್ ಫ್ರೀ' ಫ್ರಿಜ್ಜಿನ ಮೇಲಿನ ಖಾನೆ ಬೇಡ. ಹಿಮ ಕಟ್ಟದಂತೆ ಅದು ಆಗಾಗ ತಾನೇ ಬಿಸಿಯಾಗುತ್ತದೆ, ಪ್ರತಿ ಸಲವೂ ಸೀರಮ್ಮಿನ ಅಂಚು ಕರಗಿ ಮತ್ತೆ ಗಟ್ಟಿಯಾಗುತ್ತದೆ. ಕೈಯಿಂದ ಹಿಮ ಕೆರೆಯಬೇಕಾದ ಹಳೇ ಮಾದರಿಯ ಡೀಪ್ ಫ್ರೀಜರೇ ಉತ್ತಮ. ಕರೆಂಟ್ ಹೋದರೂ ತುಂಬಿದ ಡೀಪ್ ಫ್ರೀಜರ್ ಮುಚ್ಚಳ ತೆರೆಯದಿದ್ದರೆ ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಿ ತುಂಬಿಸಿಡಿ.

ಕರಗಿಸುವುದು ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ. ನಡುವೆ ಎರಡು ಮೂರು ಸಲ ಮೆಲ್ಲಗೆ ತಿರುಗಿಸಿ, ಕುಲುಕಬೇಡಿ, ನೊರೆ ಬರಬಾರದು. ಸಣ್ಣ ಬಿಳಿ ಎಳೆಗಳು ತೇಲಿದರೆ ಅದು ಫೈಬ್ರಿನ್, ಗಾಬರಿ ಬೇಡ. ಕರಾವಳಿಯಲ್ಲಿ ನಿಜಕ್ಕೂ ಗಾಬರಿಪಡಬೇಕಾದದ್ದು ಬಾಟಲಿಯ ಹೊರಗಿನ ಬೆವರಿಗೆ. ಮಳೆಗಾಲದಲ್ಲಿ ಫ್ರಿಜ್ಜಿನಿಂದ ತೆಗೆದ ಎರಡೇ ನಿಮಿಷಕ್ಕೆ ಮುಚ್ಚಳದ ಅಂಚಿನಲ್ಲಿ ನೀರು ನಿಲ್ಲುತ್ತದೆ. ಆ ನೀರಿನಲ್ಲಿ ಬೂಷ್ಟಿನ ಬೀಜಾಣು ಇದ್ದೇ ಇರುತ್ತದೆ, ಮುಚ್ಚಳ ತಿರುಗಿಸಿದ ಕ್ಷಣ ಅದು ಒಳಗೆ ಇಳಿಯುತ್ತದೆ. ಬಾಟಲಿಯನ್ನು ಜಿಪ್ ಚೀಲದಲ್ಲಿಟ್ಟು ಹೊರತನ್ನಿ, ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲೆ ಶೇ. 70ರ ಆಲ್ಕೋಹಾಲಿನಲ್ಲಿ ಕುತ್ತಿಗೆ ಒರೆಸಿ, ಅದು ಆರಿದ ಮೇಲೆ ಹುಡ್ (ಸೋಸಿದ ಗಾಳಿಯ ಕೆಲಸದ ಪೆಟ್ಟಿಗೆ) ಒಳಗೆ ತೆರೆಯಿರಿ. 5 ಮಿಲೀಯಂತೆ ಇಪ್ಪತ್ತು ಟ್ಯೂಬ್ ಮಾಡಿ, ಪ್ರತಿಯೊಂದಕ್ಕೂ ಲಾಟ್ ನಂಬರ್, ಕರಗಿಸಿದ ದಿನ ಬರೆಯಿರಿ.

56 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡುವ ರೂಢಿ ಅನೇಕ ಕಡೆ ಇದೆ. ಅದರ ಉದ್ದೇಶ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು, ಅಂದರೆ ರಕ್ತದ ರೋಗನಿರೋಧಕ ಪ್ರೋಟೀನುಗಳನ್ನು, ನಿಲ್ಲಿಸುವುದು. ವೈರಸ್ ಕೊಲ್ಲುವ ಉಪಾಯ ಎಂದು ಅದನ್ನು ನೆಚ್ಚಬೇಡಿ, ಬಾಟಲಿಯ ನಡುಭಾಗ 56ಕ್ಕೆ ಏರುವ ಹೊತ್ತಿಗೆ ಅರ್ಧ ಗಂಟೆಯೇ ಮುಗಿದಿರುತ್ತದೆ. ಬಿಸಿ ಮಾಡಲೇಬೇಕಿದ್ದರೆ ಪಕ್ಕದಲ್ಲಿ ಅಷ್ಟೇ ನೀರು ತುಂಬಿದ ಅಂಥದೇ ಬಾಟಲಿಯಲ್ಲಿ ಥರ್ಮಾಮೀಟರ್ ಇಳಿಸಿ, ಅದು 56 ಮುಟ್ಟಿದ ಮೇಲೆ ಸಮಯ ಎಣಿಸಲು ಶುರುಮಾಡಿ.

ಗಾಮಾದ ಮಿತಿಯನ್ನೂ ಹೇಳಲೇಬೇಕು. ಬಿವಿಡಿ, ಐಬಿಆರ್ (ದನಗಳ ಹರ್ಪಿಸ್ ವೈರಸ್ ತರುವ ಉಸಿರಾಟದ ರೋಗ) ತರಹದ ಹೊದಿಕೆಯಿರುವ ವೈರಸ್ಸುಗಳು ಈ ಡೋಸಿಗೆ ಸೋಲುತ್ತವೆ. ದನದ ಪಾರ್ವೋದಂಥ ತೀರಾ ಸಣ್ಣ, ಹೊದಿಕೆಯಿಲ್ಲದವು ಗಟ್ಟಿಪಿಂಡ, ಪೂರ್ತಿ ಸಾಯುತ್ತವೆಂಬ ಖಾತರಿ ಇಲ್ಲ. ಇನ್ನೊಂದು, ಕಿರಣ ಹಾಯಿಸಿದ ಸೀರಮ್ಮಿಗೆ ಆರ್‌ಟಿ-ಪಿಸಿಆರ್ ಮಾಡಿದರೆ ಬಿವಿಡಿ 'ಇದೆ' ಎಂದು ಬರುವುದುಂಟು. ವೈರಸ್ ಸತ್ತಿದ್ದರೂ ಅದರ ಆರ್‌ಎನ್‌ಎ ಚೂರು ಉಳಿದಿರುತ್ತದೆ, ಪಿಸಿಆರ್ ಅದನ್ನೇ ಎತ್ತಿ ತೋರಿಸುತ್ತದೆ. ಸತ್ತದ್ದೋ ಜೀವಂತವೋ ಎಂದು ತಿಳಿಯಲು ಜೀವಕೋಶದ ಮೇಲೆ ಬೆಳೆಸಿಯೇ ನೋಡಬೇಕು. ಹಾಗೆ ಬೆಳೆಸುವ ಜೀವಕೋಶಕ್ಕೆ ಕುದುರೆಯ ಸೀರಮ್ ಹಾಕಬೇಕೇ ಹೊರತು ದನದ್ದಲ್ಲ. ಆ ಜೀವಕೋಶದಲ್ಲೇ ಮೊದಲಿನಿಂದ ಬಿವಿಡಿ ಸೇರಿಕೊಂಡಿದ್ದರೆ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ, ಅಂಥ ಜೀವಕೋಶಗಳು ಲ್ಯಾಬಿನಿಂದ ಲ್ಯಾಬಿಗೆ ಕೈದಾಟುತ್ತಲೇ ಇರುತ್ತವೆ.

ಭ್ರೂಣ ಬೆಳೆಸುವ ಮೀಡಿಯಾಕ್ಕೆ ಎರಡೇ ಅಂಕ ಕೊಟ್ಟದ್ದಕ್ಕೆ ವೈರಸ್ ಮಾತ್ರ ಕಾರಣವಲ್ಲ. ಏಳು ದಿನ ಸೀರಮ್ಮಿನಲ್ಲಿ ಬೆಳೆದ ದನದ ಭ್ರೂಣದೊಳಗೆ ಕೊಬ್ಬಿನ ಹನಿಗಳು ತುಂಬಿ ಅದು ಕಪ್ಪಗೆ ಕಾಣುತ್ತದೆ, ಫ್ರೀಜ್ ಮಾಡಿ ಕರಗಿಸಿದಾಗ ಬದುಕುವುದು ಕಡಿಮೆ. ಕರು ಅತಿದೊಡ್ಡದಾಗಿ ಬೆಳೆದು ಹೆರಿಗೆ ಕಷ್ಟವಾಗುವ ತೊಂದರೆಗೂ ಸೀರಮ್ಮಿಗೂ ನಂಟಿದೆ. ಮಲೆನಾಡು ಗಿಡ್ಡದಂಥ ಸಣ್ಣ ಮೈಯ ದನಕ್ಕೆ ಈ ಅಪಾಯ ತರಬಾರದು. ಅಮೈನೋ ಆಮ್ಲ ಸೇರಿಸಿದ ಎಸ್‌ಒಎಫ್ (ಅಂಡನಾಳದ ದ್ರವದಂತೆ ತಯಾರಿಸಿದ) ಮೀಡಿಯಾ, ಮಿಲೀಗೆ 4ರಿಂದ 8 ಮಿಲಿಗ್ರಾಂ ಕೊಬ್ಬಿನಾಮ್ಲ ತೆಗೆದ ಬಿಎಸ್‌ಎ (ಅಲ್ಬುಮಿನ್ ಪ್ರೋಟೀನು), 38.5 ಡಿಗ್ರಿ, ಶೇ. 5 ಆಮ್ಲಜನಕ, ಶೇ. 5 ಇಂಗಾಲದ ಡೈಆಕ್ಸೈಡ್, ಇಷ್ಟರಲ್ಲೇ ಬ್ಲಾಸ್ಟೊಸಿಸ್ಟ್ ಬರುತ್ತದೆ. ಬಿಎಸ್‌ಎ ಕೂಡ ದನದ ರಕ್ತದ್ದೇ ಎಂಬುದು ನೆನಪಿರಲಿ. ಅದರಲ್ಲೂ ಬಿವಿಡಿ ಸಿಕ್ಕಿದ್ದುಂಟು, ಅದಕ್ಕೂ ಲಾಟ್ ಸರ್ಟಿಫಿಕೇಟ್ ಕೇಳಿ. ರಕ್ತದ ಸರಕೇ ಬೇಡವೆನ್ನುವವರಿಗೆ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್ ಎಂಬ ಕೃತಕ ವಸ್ತು) ಇದೆ, ಮಿಲೀಗೆ 1 ಮಿಲಿಗ್ರಾಂ. ಬ್ಲಾಸ್ಟೊಸಿಸ್ಟ್ ಸಂಖ್ಯೆ ಸ್ವಲ್ಪ ಇಳಿಯುತ್ತದೆ, ನಿಶ್ಚಿಂತೆ ಹೆಚ್ಚುತ್ತದೆ.

ಒಳ್ಳೆಯ ಲಾಟ್ ಬಂತೆಂದು ತೊಳೆಯುವುದನ್ನು ಬಿಡುವಂತಿಲ್ಲ, ವೈರಸ್ ಅಂಡಾಣು ಕೊಟ್ಟ ದನದಿಂದಲೂ ಬರಬಹುದು, ವೀರ್ಯದ ಕಡ್ಡಿಯಿಂದಲೂ ಬರಬಹುದು. ಅಂತಾರಾಷ್ಟ್ರೀಯ ಭ್ರೂಣ ತಂತ್ರಜ್ಞಾನ ಸಂಘದ ಕ್ರಮ ಹತ್ತು ತೊಳೆತದ್ದು. ನಾಲ್ಕು ವೆಲ್‌ನ ಮೂರು ಡಿಶ್ ಸಾಕು, ಒಂದೊಂದು ವೆಲ್‌ಗೆ 500 ಮೈಕ್ರೋಲೀಟರ್. ಪ್ರತಿ ತೊಳೆತದಲ್ಲಿ ನೂರು ಪಟ್ಟು ತೆಳುವಾಗಬೇಕು, ಅಂದರೆ ಭ್ರೂಣದ ಜೊತೆ ದಾಟುವ ನೀರು 5 ಮೈಕ್ರೋಲೀಟರ್ ಮೀರಬಾರದು. ತಪ್ಪು ನಡೆಯುವುದು ಇಲ್ಲೇ, 20 ಮೈಕ್ರೋಲೀಟರ್ ಎಳೆದು ಬಿಟ್ಟರೆ ನೂರು ಪಟ್ಟು ಹೋಗಿ ಇಪ್ಪತ್ತೈದೇ ಪಟ್ಟಾಯಿತು. ಪ್ರತಿ ವೆಲ್‌ಗೂ ಹೊಸ ಟಿಪ್. ಒಂದು ಸರದಿಗೆ ಹತ್ತಕ್ಕಿಂತ ಹೆಚ್ಚು ಭ್ರೂಣ ಬೇಡ, ಬೇರೆ ದನಗಳದ್ದನ್ನು ಬೆರೆಸಬೇಡಿ. ಕೊನೆಗೆ 50 ಪಟ್ಟಿನಲ್ಲಿ ಪ್ರತಿಯೊಂದನ್ನೂ ಉರುಳಿಸಿ ಝೋನಾದ ಸುತ್ತಲೂ ನೋಡಿ. ಬಿರುಕಿದ್ದರೆ, ಕ್ಯುಮುಲಸ್ ಚೂರು ಅಂಟಿದ್ದರೆ ಅದನ್ನು ಪಕ್ಕಕ್ಕಿಡಿ. ಐಬಿಆರ್ ಶಂಕೆ ಇದ್ದರೆ ಐದು ತೊಳೆತದ ಮೇಲೆ ಶೇ. 0.25ರ ಟ್ರಿಪ್ಸಿನ್‌ನಲ್ಲಿ (ಪ್ರೋಟೀನು ಕತ್ತರಿಸುವ ಕಿಣ್ವ) ಎರಡು ಅದ್ದು, ಒಟ್ಟು 60ರಿಂದ 90 ಸೆಕೆಂಡ್, ಆಮೇಲೆ ಮತ್ತೆ ಐದು. ಟ್ರಿಪ್ಸಿನ್‌ಗೆ ಮೊದಲಿನ ತೊಳೆತದಲ್ಲಿ ಸೀರಮ್ ಇರಬಾರದು, ಸೀರಮ್ ಟ್ರಿಪ್ಸಿನ್ನನ್ನು ಕಟ್ಟಿಹಾಕುತ್ತದೆ. ನಂತರದ ತೊಳೆತದಲ್ಲಿ ಶೇ. 2 ಸೀರಮ್ ಬೇಕೇಬೇಕು, ಅದೇ ಕಾರಣಕ್ಕೆ.

ದನದ ಹೊಟ್ಟೆಯಲ್ಲೇ ಬೆಳೆದು ಹೊರತೆಗೆದ ಭ್ರೂಣಕ್ಕೆ ಈ ತೊಳೆತ ಚೆನ್ನಾಗಿ ಕೆಲಸ ಮಾಡುತ್ತದೆ. ಲ್ಯಾಬಿನಲ್ಲಿ ಬೆಳೆದ ಭ್ರೂಣದ ಝೋನಾ ಬೇರೆ ರೀತಿಯದು, ಬಿವಿಡಿಯೂ ಐಬಿಆರ್ ವೈರಸ್ಸೂ ಅದಕ್ಕೆ ಗಟ್ಟಿಯಾಗಿ ಅಂಟುತ್ತವೆ, ಹತ್ತು ತೊಳೆತದ ಮೇಲೂ ಉಳಿದದ್ದಿದೆ. ಹೀಗಾಗಿ ಬಾಟಲಿಯ ಹಂತದಲ್ಲೇ ವೈರಸ್ಸನ್ನು ತಡೆಯಬೇಕು. ಕೊನೆಯ ನಾಲ್ಕು ತೊಳೆತದ ನೀರನ್ನು ಒಟ್ಟುಮಾಡಿ, ಸೀಳದೆ ಉಳಿದ ಅಂಡಾಣು, ಕೆಟ್ಟ ಭ್ರೂಣಗಳನ್ನೂ ಎಸೆಯದೆ ಬೇರೆ ಟ್ಯೂಬಿನಲ್ಲಿ ತೆಗೆದಿಟ್ಟು ಪಿಸಿಆರ್‌ಗೆ ಕಳಿಸಿ. ಒಳ್ಳೆಯ ಭ್ರೂಣವನ್ನು ಬಲಿ ಕೊಡದೆ ಇಡೀ ಸರದಿಯ ಸ್ಥಿತಿ ಗೊತ್ತಾಗುತ್ತದೆ.

ಪ್ರತಿ ಲಾಟಿನಿಂದ 1 ಮಿಲೀಯ ಎರಡು ಟ್ಯೂಬುಗಳನ್ನು ಬಳಸದೆ ಮೈನಸ್ 80ರಲ್ಲಿ ಇಟ್ಟುಬಿಡಿ, ಯಾವ ಸರದಿಯ ಯಾವ ಭ್ರೂಣ ಯಾವ ಊರಿನ ಯಾವ ದನಕ್ಕೆ ಹೋಯಿತು ಎಂಬ ಪುಸ್ತಕದಲ್ಲಿ ಆ ಲಾಟ್ ನಂಬರೂ ಬರೆದಿರಲಿ. ದನದ ಗಬ್ಬ ಸುಮಾರು 280 ದಿನ. ಕರು ಹುಟ್ಟಿ, ಅದರ ಮತ್ತು ಅದೇ ಹಟ್ಟಿಯಲ್ಲಿ ಆ ವರ್ಷ ಹುಟ್ಟಿದ ಬೇರೆ ಕರುಗಳ ಕಿವಿಯ ಅಂಚಿನ ಚೂರಿಗೆ ಬಿವಿಡಿ ಪರೀಕ್ಷೆ ಆಗಿ ಫಲಿತಾಂಶ ಕೈಸೇರುವ ತನಕ ಆ ಎರಡು ಟ್ಯೂಬುಗಳನ್ನು ಎಸೆಯಬೇಡಿ.